ನಿಂತ ಕಾರು

ಬಾಗಳಿಯ ಕಲ್ಲೇಶ್ವರ ಗುಡಿಯ ಮುಂದೆ ಒಮ್ಮೆ ಸ್ನೇಹಿತರೊಬ್ಬರ ಭಾರಿ ಬೆಲೆಯ ಕಾರು ಆವಿ ಉಗುಳಿ ನಿಂತುಬಿಟ್ಟಿತು. ದೂರಪ್ರಯಾಣಕ್ಕೆಂದೇ ಹುಟ್ಟಿದ ಜಾತಿ ಅದು. 'ಗ್ರ್ಯಾಂಡ್ ಟೂರರ್' ಎಂದು ಹೆಸರು. ಹರಪನಹಳ್ಳಿಯಿಂದ ಬಂದ ಮೆಕ್ಯಾನಿಕ್ ಬಿರಿದ ರಬ್ಬರು ಕೊಳವೆಯನ್ನು ತೋರಿಸಿ ಕೇಳಿದ: "ವರ್ಷಕ್ಕೆಷ್ಟು ಸಲ ಹೊರಗೆ ತೆಗೆಯುತ್ತೀರಿ, ಸ್ವಾಮಿ?"

"ಎರಡು ಸಲ. ಅಷ್ಟು ಜೋಪಾನ!" ಎಂದರು ಸ್ನೇಹಿತರು.

ಆ ಜೋಪಾನವೇ ರೋಗ. ನಿಂತ ಕಾರಿನ ಬ್ಯಾಟರಿ ತಾನಾಗಿ ಬರಿದಾಗುತ್ತದೆ, ಒಂದೇ ಮಗ್ಗುಲಲ್ಲಿ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ, ಪೆಟ್ರೋಲು ಅಂಟಾಗುತ್ತದೆ. ಬ್ರೇಕಿನ ದ್ರವವಂತೂ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಓಡಿಸಲಿ ಬಿಡಲಿ, ಸುಮಾರು 2 ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಎದುರಿಗಿದ್ದುದು 10ನೆಯ ಶತಮಾನದ ಗುಡಿ. ನಿಲ್ಲುವುದೇ ಅದರ ಧರ್ಮ. ಕಾರಿನ ಧರ್ಮ ಓಡುವುದು. ಹಾಗಾದರೆ ಕಾಪಾಡುವುದೆಂದರೇನು? ಒಡೆಯನ ಹೆಮ್ಮೆ ಮಾಸದಂತೆ ನೋಡಿಕೊಳ್ಳುವುದೇ, ವಸ್ತುವಿನ ಧರ್ಮ ನಡೆಯಗೊಡುವುದೇ? ಸವೆತಕ್ಕೆ ಅಂಜಿ ಬೀಗ ಹಾಕಿದವನು ಸವೆತವನ್ನು ತಪ್ಪಿಸಲಿಲ್ಲ, ಬಳಕೆಯನ್ನಷ್ಟೇ ತಪ್ಪಿಸಿದ.

ಸ್ನೇಹಿತರನ್ನು ಕಂಡು ನಗುವ ಹಕ್ಕು ನಮಗಿಲ್ಲ. ಕಾರಿಲ್ಲದ ನಮ್ಮ ಮನೆಯಲ್ಲೂ ಟ್ರಂಕಿನ ತಳದ ರೇಷ್ಮೆ ಸೀರೆ, ಯಾವುದೋ ದೊಡ್ಡ ಹಬ್ಬಕ್ಕೆಂದು ಕಾಯುತ್ತ, ಮಡಿಕೆಯಲ್ಲೇ ಸೀಳುತ್ತಿದೆ.