ಉತ್ತರ ಹೇಳುವವರು ಯಾರು?

ಹಳೆಯ ಕಾರು ಇಟ್ಟುಕೊಂಡವರ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಸಲವಾದರೂ ಏಳುವ ಪ್ರಶ್ನೆಯೊಂದಿದೆ. ಶೋರೂಮಿಗೆ ಕೊಡುವುದೋ, ಹೊರಗೆ ಮಾಡಿಸುವುದೋ? ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರವನ್ನು ನಮ್ಮಲ್ಲಿ ಎಲ್ಲರೂ ಶೋರೂಮ್ ಎಂದೇ ಕರೆಯುತ್ತಾರೆ. ಉಳಿದದ್ದೆಲ್ಲ 'ಹೊರಗೆ'. ಊರ ನಡುವೆ, ತಗಡಿನ ಮಾಡಿನ ಕೆಳಗೆ, ಇಪ್ಪತ್ತು ವರ್ಷಗಳಿಂದ ಸ್ಪಾನರ್ ಹಿಡಿದು ಕೂತವರು ಹೊರಗಿನವರು. ಹೆದ್ದಾರಿಯ ಬದಿಯಲ್ಲಿ ಮೊನ್ನೆ ಮೊನ್ನೆ ಎದ್ದು ನಿಂತ ಗಾಜಿನ ಕಟ್ಟಡ ಒಳಗಿನದು! 1956ರಿಂದ ಒಳಗೆ ಹೊರಗೆ ಎಂಬ ಮಾತುಗಳ ಬಿಸಿಯನ್ನು ಅನುಭವಿಸಿದ ಕಾಸರಗೋಡಿನ ಕನ್ನಡಿಗರಾದ ನಾವಾದರೂ ಈ ಪದವನ್ನು ಸ್ವಲ್ಪ ನೋಡಿ ಬಳಸಬೇಕೆಂದು ನನಗೆ ಆಗಾಗ ಅನಿಸುವುದುಂಟು. ಅದಿರಲಿ.

ಇದು ಹಣದ ಪ್ರಶ್ನೆಯೆಂದು ಹೆಚ್ಚಿನವರ ತಿಳಿವಳಿಕೆ. ಹೊಸ ಕಾರಿನ ಮಟ್ಟಿಗೆ ಅಲ್ಲಿ ಯೋಚಿಸುವುದಕ್ಕೇ ಏನೂ ಇಲ್ಲ. ವಾರಂಟಿ ಇರುವಷ್ಟು ಕಾಲ ಶೋರೂಮಿಗೇ ಹೋಗಬೇಕು. ಆದರೆ ಖಾಸಗಿ ಕಾರಿನ ಮೊದಲ ನೋಂದಣಿಗೆ ಕಾನೂನು ಕೊಟ್ಟ ಆಯುಸ್ಸು 15 ವರ್ಷ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬೇಕು. ನನ್ನ ಗಾಡಿ 2008ರದ್ದು, 2023ರಲ್ಲಿ ನವೀಕರಣವಾಯಿತು. ಅದು ಯಾವ ಕಂಪನಿಯದ್ದೆಂಬುದು ಈ ಲೇಖನಕ್ಕೆ ಮುಖ್ಯವಲ್ಲ. ಮಾರಿದರೆ ಬರುವ ಹಣ ದೊಡ್ಡದೊಂದು ರಿಪೇರಿಗೂ ಸಾಲದು. ಪೇಟೆಯ ಲೆಕ್ಕದಲ್ಲಿ ಬೆಲೆ ಕಳೆದುಕೊಂಡರೂ ಮನೆಯ ಲೆಕ್ಕದಲ್ಲಿ ಇನ್ನೂ ಬೇಕಾಗಿರುವ ಇಂತಹ ವಸ್ತುವನ್ನು ಯಾರ ಕೈಗೆ ಒಪ್ಪಿಸಬೇಕು? ಒಪ್ಪಿಸಿದ ಮೇಲೆ ಕೆಟ್ಟರೆ ಉತ್ತರ ಹೇಳುವವರು ಯಾರು? ನನ್ನನ್ನು ಕಾಡುವ ಪ್ರಶ್ನೆ ಇದು.

ಒಂದು ಉದಾಹರಣೆ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಬೇಸಗೆಯಲ್ಲಿ ಗಾಡಿಯ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಶೋರೂಮಿನಲ್ಲಿ ತೋರಿಸಿದೆ. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟ್ಯಾಟ್, ರಬ್ಬರ್ ಪೈಪುಗಳು ಎಲ್ಲವನ್ನೂ ಬದಲಿಸಬೇಕೆಂದು 14,600 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಕೊಟ್ಟವರು ಸರ್ವೀಸ್ ಅಡ್ವೈಸರ್ ಎಂಬ ಮರ್ಯಾದಸ್ಥ ತರುಣ. "ಒಂದೇ ಒಂದು ಪಾರ್ಟ್ ಹಾಕಿ ಕಳಿಸಿದರೆ ನಾಳೆ ಇನ್ನೊಂದು ಹೋಗುತ್ತದೆ, ಆಗ ನೀವು ನಮ್ಮನ್ನೇ ಬೈಯುತ್ತೀರಿ ಸಾರ್" ಎಂದ. ಆತನ ಮಾತಿನಲ್ಲಿ ನ್ಯಾಯವಿತ್ತು. ಅಪ್ರೂವಲ್ ಕೊಡಿ ಎಂದು ಕಾಗದ ಮುಂದೆ ಹಿಡಿದ. ನಾನು ಯೋಚಿಸಿ ಹೇಳುತ್ತೇನೆಂದು ಬಂದೆ.

ನಮ್ಮ ಊರಿನ ವರ್ಕ್‌ಶಾಪಿನವರನ್ನು ನಾನು ಏಟ್ಟ ಎಂದು ಕರೆಯುತ್ತೇನೆ. ಅವರ ಮಾತು ಮಲಯಾಳ, ನನ್ನದು ಕನ್ನಡ. ಇಬ್ಬರಿಗೂ ಸೋತಾಗ ತುಳು. ಅವರು ಪಟ್ಟಿ ಬರೆಯಲಿಲ್ಲ. ಗಾಡಿ ತಣಿಯುವ ತನಕ ಚಾ ಕುಡಿದರು. ಮೊದಲು ನೋಡಿದ್ದು ರೇಡಿಯೇಟರಿನ ಮುಚ್ಚಳವನ್ನು. ಅದರ ಸ್ಪ್ರಿಂಗು, ರಬ್ಬರು ಸೋತರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಆಮೇಲೆ ಇಂಜಿನ್ ಓಡಿಸಿ ಫ್ಯಾನ್ ಯಾವಾಗ ತಿರುಗುತ್ತದೆಂದು ಕಾದರು. ತಿರುಗಲಿಲ್ಲ. ರಿಲೇ ತೆಗೆದು ಬೇರೊಂದನ್ನು ಸಿಕ್ಕಿಸಿದರು, ತಿರುಗಿತು. ಹೊಸ ಮುಚ್ಚಳ, ಹೊಸ ರಿಲೇ, ಕೂಲಂಟ್, ಅವರ ಕೂಲಿ ಸೇರಿ 1,150 ರೂಪಾಯಿ. "ಈಗ ಇಷ್ಟು ಮಾಡಿ ನೋಡುವ" ಎಂದರು.

ಈ 'ನೋಡುವ' ಎಂಬ ಪದ ನಮ್ಮ ಕಡೆಯ ಕನ್ನಡದ ದೊಡ್ಡ ಆಸ್ತಿ. ಮಲಯಾಳದಲ್ಲಿ ಅದೇ ಜಾಗದಲ್ಲಿ ನಿಲ್ಲುವುದು 'ನೋಕ್ಕಾಂ'. ನಾನು ನೋಡುತ್ತೇನೆ ಎಂದಲ್ಲ, ನೀವು ನೋಡಿ ಎಂದೂ ಅಲ್ಲ. ಇಬ್ಬರೂ ಸೇರಿ ನೋಡುವ. ಕೆಟ್ಟರೆ ಇಬ್ಬರಿಗೂ ಪಾಲು. ಹಾಗೆಯೇ ಆಯಿತು. ಎಂಟು ತಿಂಗಳ ಬಳಿಕ ವಾಟರ್ ಪಂಪ್ ಸೋರಿತು. ಉಪ್ಪಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಮನೆಯವರೊಂದಿಗೆ ಒಂದೂವರೆ ಗಂಟೆ ನಿಂತೆ. ಶೋರೂಮಿನ ಪಟ್ಟಿ ಪೂರ್ತಿ ಸುಳ್ಳಾಗಿರಲಿಲ್ಲವೆಂದು ಇದರಿಂದ ಗೊತ್ತಾಯಿತು. ಆದರೆ ರೇಡಿಯೇಟರ್ ಇಂದಿಗೂ ಹಳೆಯದೇ ಇದೆ, ಸರಿಯಾಗಿಯೇ ಇದೆ. ಯಾರು ಸರಿ, ಯಾರು ತಪ್ಪು ಎಂದು ಈ ಲೆಕ್ಕದಿಂದ ತೀರ್ಪು ಕೊಡಲು ನನ್ನಿಂದಾಗದು. ಶೋರೂಮಿನವರು ಅನಿಶ್ಚಿತತೆಯನ್ನು ಹಣಕ್ಕೆ ಪರಿವರ್ತಿಸಿ ನನ್ನಿಂದ ಕೊಂಡುಕೊಳ್ಳುತ್ತಾರೆ. ಏಟ್ಟ ಅದನ್ನು ನನ್ನ ಜತೆ ಹಂಚಿಕೊಳ್ಳುತ್ತಾರೆ. ಎರಡೂ ಮರ್ಯಾದೆಯ ವ್ಯವಹಾರವೇ.

ಕನ್ನಡದ 'ಜವಾಬ್ದಾರಿ'ಯಲ್ಲಿ ಜವಾಬು ಇದೆ. ಮಲಯಾಳದ 'ಉತ್ತರವಾದಿತ್ತಂ' ಎಂಬುದರಲ್ಲಿ ಉತ್ತರ ಇದೆ. ಒಂದು ಪಾರಸಿಯ ದಾರಿಯಿಂದ ಬಂತು, ಇನ್ನೊಂದು ಸಂಸ್ಕೃತದ ದಾರಿಯಿಂದ. ಎರಡು ಭಾಷೆಯವರೂ ಹೊಣೆಯೆಂದರೆ ಕೇಳಿದಾಗ ಉತ್ತರ ಕೊಡುವುದು ಎಂದೇ ತಿಳಿದರು. ಹಾಗಾದರೆ ಕೇಳೋಣ. ಶೋರೂಮಿನಲ್ಲಿ ನನ್ನ ಗಾಡಿಯ ಕೆಳಗೆ ಮಲಗಿ ನಟ್ಟು ಬಿಗಿ ಮಾಡಿದವರು ಯಾರು? ನಾನು ಕಂಡಿಲ್ಲ. ಬಿಲ್ಲಿನಲ್ಲಿ ಸಹಿ ಇದೆ, ಸಹಿ ಹಾಕಿದವನ ಕೈಗೆ ಗ್ರೀಸ್ ತಾಗಿಲ್ಲ. ಗ್ರೀಸ್ ತಾಗಿದ ಕೈಗೆ ಹೆಸರಿಲ್ಲ. ಆ ತರುಣನೂ ಮುಂದಿನ ಸಲಕ್ಕೆ ಅಲ್ಲಿರುವನೆಂಬ ಭರವಸೆಯಿಲ್ಲ. ಏಟ್ಟನ ವರ್ಕ್‌ಶಾಪಿನಲ್ಲಿ ಕೈಗೆ ಹೆಸರಿದೆ, ಮುಖ ಇದೆ, ಅಂಗಡಿಯ ಹತ್ತಿರ ದಿನವೂ ಕಾಣಸಿಗುತ್ತಾರೆ. ಸಹಿ ಮಾತ್ರ ಇಲ್ಲ.

ಬ್ಯಾಂಕಿನವನಾದ ನನಗೆ ಸಹಿಯೆಂದರೆ ಹಗುರವಾದ ಸಂಗತಿಯಲ್ಲ. ಇಪ್ಪತ್ತೆರಡು ವರ್ಷಗಳಿಂದ ವೋಚರು, ಚಲನುಗಳ ನಡುವೆ ಇದ್ದವನು. ಕಾಗದಕ್ಕೆ ಹೃದಯವಿಲ್ಲ ಎಂದು ಸಾಹಿತ್ಯಾಸಕ್ತರು ಸುಲಭವಾಗಿ ಹೇಳಿಬಿಡುತ್ತಾರೆ. ಕಾಗದಕ್ಕೆ ಮುಖದಾಕ್ಷಿಣ್ಯವೂ ಇಲ್ಲ ಎಂಬುದನ್ನು ಮರೆಯುತ್ತಾರೆ. ನಮ್ಮ ಶಾಖೆಯಲ್ಲಿ ನನ್ನೊಡನೆ ಕೆಲಸ ಮಾಡುವ ಅಕ್ಕನೊಬ್ಬರಿದ್ದಾರೆ. ತನ್ನ ಕಾರನ್ನು ತಾನೇ ಓಡಿಸುವವರು. ಅವರು ಒಮ್ಮೆ ಹೇಳಿದರು: "ಹೊರಗಿನ ಗ್ಯಾರೇಜಿಗೆ ನಾನು ಹೋದರೆ ಏನಾಗಿದೆ ಎಂದು ನನಗೆ ಹೇಳುವುದಿಲ್ಲ. ಮನೆಯವರ ನಂಬರ್ ಕೊಡಿ, ಅವರಿಗೆ ಹೇಳುತ್ತೇವೆ ಎನ್ನುತ್ತಾರೆ. ಶೋರೂಮಿನಲ್ಲಿ ಜಾಬ್ ಕಾರ್ಡ್ ನನ್ನ ಹೆಸರಿನಲ್ಲೇ ಬರೆಯುತ್ತಾರೆ." ಮುಖ ನೋಡಿ ಕೊಡುವ ವಿಶ್ವಾಸ ಮುಖ ಪರಿಚಯ ಇಲ್ಲದವರಿಗೆ ಸಿಗುವುದಿಲ್ಲ. ಹೊಸತಾಗಿ ವರ್ಗವಾಗಿ ಬಂದ ಅಧಿಕಾರಿಗೆ, ಗಂಡ ದೂರದ ಗಲ್ಫಿನಲ್ಲಿರುವ ಹೆಂಗಸಿಗೆ, ಊರಿನ ಮೂರು ಭಾಷೆಗಳಲ್ಲಿ ಒಂದೂ ಬಾರದವನಿಗೆ ಬಿಲ್ಲೇ ಆಸರೆ. ಬಿಲ್ಲು ಇದ್ದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಕಾಯ್ದೆ ಬಂದ ಮೇಲೂ ದಾಖಲೆಯಿಲ್ಲದವನ ಮಾತು ನಿಲ್ಲುವುದು ಕಷ್ಟ.

ನಮ್ಮವರಿಗೆ ಕಾಗದದ ಮೇಲೆ ಒಂದು ಬಗೆಯ ಹಳೆಯ ಅನುಮಾನ ಇದೆ. ಅದಕ್ಕೆ ಕಾರಣವೂ ಇದೆ. ರಾಜ್ಯ ಬದಲಾದಾಗ ಮನೆ, ತೋಟ, ದೇವಸ್ಥಾನ ಇದ್ದಲ್ಲೇ ಇದ್ದವು. ಕಚೇರಿಯ ಕಾಗದದ ಭಾಷೆ ಮಾತ್ರ ಬದಲಾಯಿತು. ಓದಲು ಬಾರದ ಕಾಗದಕ್ಕಿಂತ ಗುರುತಿನ ಮನುಷ್ಯ ವಾಸಿ ಎಂದು ಹಿರಿಯರು ತಿಳಿದರೆ ಅವರನ್ನು ದೂರಲಾರೆ. ಆದರೆ ಆ ಅಭ್ಯಾಸ ಕೆಲವೊಮ್ಮೆ 'ನಮ್ಮವನೇ ಆಗಬೇಕು' ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಕನ್ನಡ ಬಲ್ಲವನೆಂಬ ಒಂದೇ ಕಾರಣಕ್ಕೆ ಹನ್ನೆರಡು ಕಿಲೋಮೀಟರ್ ದೂರದ ಮೆಕ್ಯಾನಿಕನಲ್ಲಿಗೆ ಹೋಗುವವರನ್ನು ಬಲ್ಲೆ. ಸ್ಪಾನರಿಗೆ ಮಾತೃಭಾಷೆಯಿಲ್ಲ.

ಇನ್ನು ಕಂಪನಿಗಳ ಮಾತು. ಹೊರಗಿನವರು ಒರಿಜಿನಲ್ ಪಾರ್ಟ್ ಹಾಕುವುದಿಲ್ಲ, ಹೊಸ ಯಂತ್ರಜ್ಞಾನ ತಿಳಿಯದು ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ತಿಳಿಯದಿರುವುದಕ್ಕೆ ಕಾರಣವೇನು ಎಂಬುದಕ್ಕೆ ಸರಕಾರದ ದಾಖಲೆಯಲ್ಲೇ ಉತ್ತರವಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹಾಕಿತು. ಒರಿಜಿನಲ್ ಬಿಡಿಭಾಗಗಳನ್ನು, ದೋಷ ಹುಡುಕುವ ಉಪಕರಣಗಳನ್ನು, ರಿಪೇರಿಯ ಕೈಪಿಡಿಗಳನ್ನು ಸ್ವತಂತ್ರ ಮೆಕ್ಯಾನಿಕರಿಗೆ ಸಿಗದಂತೆ ತಡೆದದ್ದು ಆರೋಪ. ದಂಡದ ವಿಚಾರದಲ್ಲಿ ಮೇಲ್ಮನವಿಗಳಾದವು. ಅದು ಬೇರೆ ಕತೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಎಂಬ ಹೆಸರಿನಲ್ಲಿ ಮಾಹಿತಿ ತಾಣವನ್ನೂ ತೆರೆಯಿತು. ಪುಸ್ತಕ ಕೊಡದೆ ಪರೀಕ್ಷೆಗೆ ಕೂರಿಸಿ, ಫೇಲಾದನೆಂದು ಹಂಗಿಸುವುದು ಸರಿಯೇ?

ಹೀಗೆಂದ ಮಾತ್ರಕ್ಕೆ ಎಲ್ಲ ಕೆಲಸಕ್ಕೂ 'ನೋಡುವ' ನಡೆಯದು. ಬ್ರೇಕಿನಲ್ಲಿ ನೋಡುವ ಎಂಬುದಿಲ್ಲ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಗುಣದ್ದು. ಆಟಿಯ ಮಳೆಯ ನಮ್ಮ ಊರಿನಲ್ಲಿ ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಒಳಗಿನ ಸಿಲಿಂಡರು ತುಕ್ಕು ಹಿಡಿಯುತ್ತದೆ, ಇಳಿಜಾರಿನಲ್ಲಿ ಪೆಡಲು ಮೆತ್ತಗಾಗುತ್ತದೆ. ಅಲ್ಲಿ ಹಳೆಯ ರಬ್ಬರನ್ನೇ ತೊಳೆದು ಹಾಕುವ ಜಾಣತನ ಬೇಡ. ಇಂಜಿನ್ ಬಿಸಿಯಾದರೆ ನಷ್ಟ ನನಗೆ, ಮೆಕ್ಯಾನಿಕನಿಗೆ. ನಾವಿಬ್ಬರೂ ಒಪ್ಪಿ ಹಂಚಿಕೊಂಡೆವು. ಬ್ರೇಕ್ ಹೋದರೆ ರಸ್ತೆ ದಾಟುವ ಶಾಲೆಯ ಮಗುವಿಗೂ ಪಾಲು ಬರುತ್ತದೆ. ಆ ಮಗುವಿನ ಅಪ್ರೂವಲ್ ಯಾರು ತೆಗೆದುಕೊಂಡರು? ಬ್ರೇಕು, ಸ್ಟೀರಿಂಗು, ಟಯರು — ಇವುಗಳಿಗೆ ಕಂಪನಿಯ ಬಿಡಿಭಾಗವನ್ನೇ ಬಿಲ್ಲು ಸಮೇತ ಕೊಂಡು ತರಬೇಕೆಂದು ನನ್ನ ಪಟ್ಟು. ಹಾಕುವ ಕೈ ಏಟ್ಟನದ್ದಾದರೆ ಅಡ್ಡಿಯಿಲ್ಲ.

ಶೋರೂಮಿನಲ್ಲಿ ಹದಿನಾಲ್ಕು ಸಾವಿರಕ್ಕೆ ಕಾರ್ಡು ಉಜ್ಜಿ ಥ್ಯಾಂಕ್ಸ್ ಹೇಳಿ ಬರುವ ಮಹನೀಯರು, ವರ್ಕ್‌ಶಾಪಿನಲ್ಲಿ 1,150 ಎಂದಾಗ ಸಾವಿರ ಮಾಡಿ ಎನ್ನುತ್ತಾರೆ. ಅಲ್ಲಿ ಜಿಎಸ್‌ಟಿ ಕೊಡುತ್ತಾರೆ, ಇಲ್ಲಿ ಬಿಲ್ ಬೇಡ, ಕಡಿಮೆ ಮಾಡಿ ಎನ್ನುತ್ತಾರೆ. ಆಮೇಲೆ ಹೊರಗಿನವರಲ್ಲಿ ಬಿಲ್ಲಿಲ್ಲ, ದಾಖಲೆಯಿಲ್ಲ ಎಂದು ದೂರುವವರೂ ಇವರೇ! ಬಿಲ್ಲಿಲ್ಲದ ಅಂಗಡಿಯನ್ನು ಅರ್ಧ ಕಟ್ಟಿದವರು ಗಿರಾಕಿಗಳು. ಏಟ್ಟನಲ್ಲಿ ಇಬ್ಬರು ಹುಡುಗರು ಕೆಲಸ ಕಲಿಯುತ್ತಿದ್ದಾರೆ. ಶೋರೂಮಿನ ಹುಡುಗರಿಗೆ ಸಂಬಳದ ಚೀಟಿ, ಪಿಎಫ್ ಇರುತ್ತದೆ. ಇವರಿಗೆ ಶನಿವಾರ ಕೈಗೆ ಬಂದದ್ದು. ನಾವು ಬಿಡಿಸಿಕೊಂಡ ನೂರೈವತ್ತು ಯಾರ ಜೇಬಿನಿಂದ ಹೋಯಿತೆಂದು ಊಹಿಸಲು ಬ್ಯಾಂಕಿನ ಪರೀಕ್ಷೆ ಪಾಸಾಗಬೇಕಾಗಿಲ್ಲ. "ನಿಮಗೆ ತೋಚಿದ್ದು ಕೊಡಿ" ಎಂದು ಮೆಕ್ಯಾನಿಕ್ ಹೇಳಿದಾಗ ಪರೀಕ್ಷೆಗೆ ಒಳಗಾಗುವವನು ಅವನಲ್ಲ. ಅವನನ್ನು ನಂಬಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅವನು ನನ್ನನ್ನು ನಂಬಿ ತನ್ನ ದುಡ್ಡಿನಲ್ಲಿ ಪಾರ್ಟ್ ತಂದು ಹಾಕಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬ್ಯಾಂಕಿನಲ್ಲೇ ಕಂಡ ಒಂದು ವ್ಯವಸ್ಥೆ ನನಗೆ ಇಲ್ಲಿ ದಾರಿ ತೋರಿಸಿತು. ನಮ್ಮಲ್ಲಿ ಏನೆಲ್ಲ ಕಾಗದ, ಕಂಪ್ಯೂಟರ್ ಇದ್ದರೂ ಚಿನ್ನದ ಸಾಲದ ಕೌಂಟರಿನಲ್ಲಿ ಎಲ್ಲವೂ ನಿಂತಿರುವುದು ಅಪ್ರೈಸರ್ ಎಂಬ ಒಬ್ಬ ಅಕ್ಕಸಾಲಿಯ ಕಣ್ಣಿನ ಮೇಲೆ. ಅವರು ಒರೆಗಲ್ಲಿಗೆ ತಿಕ್ಕಿ, ಆಸಿಡ್ ಬಿಟ್ಟು, ತೂಗಿ ನೋಡುತ್ತಾರೆ. ಮೂರು ತಲೆಮಾರಿನ ಕಸುಬು, ಊರಿನ ಗುರುತಿನವರು. ಆದರೆ ಬ್ಯಾಂಕು ಅಷ್ಟಕ್ಕೇ ಬಿಡುವುದಿಲ್ಲ. ತೂಕ ಇಷ್ಟು, ಶುದ್ಧತೆ ಇಷ್ಟು ಎಂದು ಅವರೇ ಬರೆದು ಅವರೇ ಸಹಿ ಹಾಕಬೇಕು. ನಾಳೆ ಬಳೆ ನಕಲಿಯೆಂದು ತಿಳಿದರೆ ಮೊದಲ ಪ್ರಶ್ನೆ ಅವರಿಗೆ. ನೋಡಿದ ಕಣ್ಣು, ಸಹಿ ಹಾಕಿದ ಕೈ ಎರಡೂ ಒಬ್ಬರದ್ದೇ. ಅವರಿಗೆ ಅದರಿಂದ ಅವಮಾನವಾದದ್ದನ್ನು ನಾನು ಕಂಡಿಲ್ಲ. ಸಹಿ ಹಾಕುವಾಗ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತುಕೊಳ್ಳುತ್ತಾರೆ.

ಅದನ್ನು ನೋಡಿ ನಾನೊಂದು ಇನ್ನೂರು ಪುಟದ ಪುಸ್ತಕ ಕೊಂಡು ಗಾಡಿಯಲ್ಲಿಟ್ಟೆ. ಕೆಲಸ ಮಾಡಿದ ದಿನ ಏನು ಮಾಡಿದಿರೆಂದು ಬರೆದು, ಕಿಲೋಮೀಟರ್ ಹಾಕಿ, ಸಹಿ ಮಾಡಿ ಎಂದೆ. ಏಟ್ಟ ಮೊದಲು ನಕ್ಕರು. ನಂಬಿಕೆ ಇಲ್ಲವೋ ಎಂದು ಕೇಳಿದರು. ನಂಬಿಕೆ ಇರುವುದಕ್ಕೇ ಸಹಿ ಕೇಳುವುದು, ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಎಂದೆ. ಕೈ ಒರೆಸಿಕೊಂಡು ಮಲಯಾಳದಲ್ಲಿ ಎರಡು ಸಾಲು ಬರೆದರು. ಪುಟಕ್ಕೆ ಗ್ರೀಸಿನ ಹೆಬ್ಬೆಟ್ಟೂ ಬಿತ್ತು. ಕೊಟ್ಟ ಹಣವನ್ನು ಅದರ ಕೆಳಗೆ ನಾನು ಕನ್ನಡದಲ್ಲಿ ಬರೆಯುತ್ತೇನೆ, ಬಿಡಿಸಿಕೊಳ್ಳದೆ. ಈಗ ಒಂಬತ್ತು ಪುಟ ತುಂಬಿದೆ. ಮಲಯಾಳವನ್ನು ನಾನು ನಿಧಾನವಾಗಿ ಓದುವವನು. ಕಳೆದ ತಿಂಗಳು ಮನೆಗೆ ಬಂದು ಕೂಡಿಸಿ ಕೂಡಿಸಿ ಓದಿದಾಗ, ಮಾಡಿದ ಕೆಲಸದ ಕೆಳಗೆ ಅವರು ತಾವಾಗಿಯೇ ಇನ್ನೊಂದು ಸಾಲು ಸೇರಿಸಿದ್ದು ಕಂಡಿತು: ಹಿಂದಿನ ಎಡಗಡೆಯ ಬ್ರೇಕ್ ಶೂ ತೆಳುವಾಗಿದೆ, ಮಳೆ ಹಿಡಿಯುವ ಮೊದಲು ಬನ್ನಿ.