‘ಭಿಷಕ್’ ಎಂಬ ನಾಮ



ಶ್ರೀವಿಷ್ಣುಸಹಸ್ರನಾಮದಲ್ಲಿ ‘ಭೇಷಜಂ’, ‘ಭಿಷಕ್’ ಎಂಬ ಎರಡು ನಾಮಗಳು ಒಂದರ ಬೆನ್ನಿಗೊಂದು ಬರುತ್ತವೆ. ಔಷಧದಲ್ಲಿ ನಿಂತು ಅದಕ್ಕೆ ಶಕ್ತಿಯೀಯುವವನು, ವೈದ್ಯನಲ್ಲಿ ನಿಂತು ಅವನ ಕೈ ನಡೆಸುವವನು ಶ್ರೀಹರಿಯೇ ಎಂದು ನಮ್ಮ ಸಿದ್ಧಾಂತಕ್ಕೆ ಒಪ್ಪುವ ಅರ್ಥ. ನಿತ್ಯ ಪಾರಾಯಣ ಮಾಡುವ ನಾವು, ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ದಿನವೇ ಈ ನಾಮಗಳನ್ನು ಮರೆಯುತ್ತೇವೆ. ‘ಪ್ರಾರಬ್ಧ, ಅನುಭವಿಸಿಯೇ ತೀರಬೇಕು’ ಎಂದು ಚಿಕಿತ್ಸೆಯನ್ನು ಮುಂದೂಡುವವರುಂಟು, ನೆಂಟರಿಷ್ಟರಿಂದ ಮುಚ್ಚಿಡುವವರುಂಟು, ರೋಗಿಯ ತಟ್ಟೆ-ಲೋಟಗಳನ್ನು ಬೇರೆಯಿರಿಸುವವರೂ ಉಂಟು. ಇದು ಮಡಿಯಲ್ಲ, ಅಜ್ಞಾನ. ಕ್ಯಾನ್ಸರ್ ಅಂಟುರೋಗವಲ್ಲ.

ಪ್ರಾರಬ್ಧವೆಂಬುದು ಸುಳ್ಳಲ್ಲ. ಆದರೆ ಜೀವನು ಕರ್ತೃವಲ್ಲವೆಂದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾಗುತ್ತದೆಂಬುದು ಬ್ರಹ್ಮಸೂತ್ರಗಳ ನಿರ್ಣಯ. ಜೀವನ ಕರ್ತೃತ್ವವು ಈಶ್ವರಾಧೀನವೇ ಹೊರತು ಇಲ್ಲದ್ದಲ್ಲ. ರೋಗ ಬಂದುದು ಪ್ರಾರಬ್ಧದಿಂದಾದರೆ, ಗಂಟು ಚಿಕ್ಕದಿರುವಾಗಲೇ ಕೈಗೆ ತಗುಲಿದುದು, ಊರಿನಲ್ಲಿಯೇ ತಜ್ಞ ವೈದ್ಯರಿರುವುದು ಅದೇ ಪ್ರಾರಬ್ಧದ ಪುಣ್ಯಭಾಗವೇಕಾಗಬಾರದು? ಗರ್ಭಕಂಠದ ಕ್ಯಾನ್ಸರ್ ಆರಂಭದಲ್ಲಿಯೇ ತಿಳಿದರೆ ಬಹುಮಟ್ಟಿಗೆ ಗುಣವಾಗುವಂಥದು. ತಡೆದವರಿಗೆ ಅದೇ ಮೃತ್ಯು. ಹರಕೆ ಹೊರುವುದು ಬೇಡವೆನ್ನುತ್ತಿಲ್ಲ. ಹರಕೆ ತೀರಿಸಿ ಬಂದ ಮೇಲೆ ಆಸ್ಪತ್ರೆ ಎನ್ನಬೇಡಿ.

ಇನ್ನು ವೈದ್ಯರ ವಿಚಾರ. ತಂಗಿಯನ್ನು ಈ ರೋಗಕ್ಕೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಸಂಕಲ್ಪದಿಂದ 1954ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. ಮರುವರ್ಷ ಅಲ್ಲಿಗೆ ಬಂದ ಡಾ. ವಿ. ಶಾಂತಾ 2021ರ ಜನವರಿಯಲ್ಲಿ ದೇಹವಿಡುವವರೆಗೂ ಅಲ್ಲಿಯೇ ಇದ್ದರು; ವಾಸವೂ ಆಸ್ಪತ್ರೆಯ ಆವರಣದಲ್ಲಿಯೇ. ಹಣವಿಲ್ಲದವರಿಗೂ ಚಿಕಿತ್ಸೆ ದೊರೆಯಬೇಕೆಂಬುದು ಆ ಸಂಸ್ಥೆಯ ವ್ರತ. ಚೆನ್ನೈಯ ನಮ್ಮ ಓದುಗರಲ್ಲಿ ಆ ಬಾಗಿಲನ್ನು ಹೊಕ್ಕು ಬಂದವರು ಇಲ್ಲದಿರಲಾರರು.

ಅರುವತ್ತೈದು ವರ್ಷ! ಎಷ್ಟು ಮರಣಗಳನ್ನು ಅವರು ಹತ್ತಿರದಿಂದ ಕಂಡಿರಬೇಕು! ‘ನಾನು ಉಳಿಸಿದೆ’ ಎಂದುಕೊಳ್ಳುವ ವೈದ್ಯನು ‘ನಾನು ಕೊಂದೆ’ ಎಂದು ಒಂದು ದಿನ ಕುಸಿಯಲೇಬೇಕಾಗುತ್ತದೆ. ಜನಸೇವೆಯು ಅರಸನಿಗೆ ಸಲ್ಲಿಸುವ ಕರದಂತೆ ಭಗವಂತನಿಗೆ ಸಲ್ಲತಕ್ಕದ್ದೆಂದು ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ತಿಳಿಸಿದ್ದಾರೆ. ಕರ ತೆತ್ತವನು ಉಪಕಾರ ಮಾಡಿದೆನೆಂದು ಬೀಗುವುದಿಲ್ಲ; ಬೆಳೆ ಕೆಟ್ಟಿತೆಂದು ಕರ ನಿಲ್ಲುವುದೂ ಇಲ್ಲ. (ಬರಗಾಲದಲ್ಲಿ ಅರಸರು ಮಾಫಿ ಮಾಡುತ್ತಿದ್ದರೆನ್ನಬಹುದು. ಈ ಅರಸನು ಮಾಫಿ ಮಾಡಿದಂತೆ ಕಾಣೆ.)

ಗುಣವಾಗದ ರೋಗಿಯ ವಿಷಯದಲ್ಲಿ ಈ ಕರ ಇನ್ನೂ ಕಠಿಣ. ‘ಇನ್ನೇನೂ ಮಾಡಲಾಗದು, ಮನೆಗೆ ಕರೆದೊಯ್ಯಿರಿ’ ಎಂಬ ಮಾತು ಅನೇಕರ ಕಿವಿಗೆ ಬಿದ್ದಿದೆ. ಆದರೆ ನೋವನ್ನು ಇಳಿಸುವುದೂ ಚಿಕಿತ್ಸೆಯೇ. ಅದಕ್ಕೆ ಬೇಕಾದ ಮಾರ್ಫಿನ್ 1985ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದ ದುರ್ಲಭವಾಗಿತ್ತು; 2014ರ ತಿದ್ದುಪಡಿಯಲ್ಲಿ ಆ ಬಿಗಿ ಸಡಿಲಿತು. ಆದರೂ ‘ಚಟ ಹತ್ತೀತು’ ಎಂದು ಮನೆಯವರೇ ಬೇಡವೆನ್ನುವುದುಂಟು. ಅಂತ್ಯಕಾಲದ ಹರಿಸ್ಮರಣೆಗೆ ನಾವು ಎಷ್ಟು ಬೆಲೆ ಕೊಡುತ್ತೇವೆ! ಎಲುಬನ್ನು ಕೊರೆಯುವ ನೋವಿನಲ್ಲಿ ಹೊರಳುವವನ ಬಾಯಲ್ಲಿ ನಾಮ ನಿಲ್ಲುವುದೆಂತು? ವೈದ್ಯನು ಹೊತ್ತುಹೊತ್ತಿಗೆ ಅಳೆದು ಕೊಡುವ ಆ ಔಷಧದಿಂದ ತಂದೆಗೆ ಒಂದು ಗಳಿಗೆ ನೆಮ್ಮದಿ ದೊರೆತು, ಮಗನು ಪಕ್ಕದಲ್ಲಿ ಕುಳಿತು ಸಹಸ್ರನಾಮ ಹೇಳುವಂತಾದರೆ, ಆ ಎರಡು ನಾಮಗಳು ಬಂದಾಗ ಇಬ್ಬರೂ ಕೇಳಿಸಿಕೊಂಡಾರು.

ಶ್ರೀಕೃಷ್ಣಾರ್ಪಣಮಸ್ತು.