ಬಾವಿ ತೋಡುವ ಕಾಲ

ಮನೆಗೊಂದು ಬಾವಿ ತೋಡಿಸಲು ಯಾವ ಕಾಲ ಒಳ್ಳೆಯದು? ನಮ್ಮ ಕರ್ಕಿಯಲ್ಲಿ ಕೇಳಿದರೆ ಪಂಚಾಂಗ ತೆರೆಯುವ ಮೊದಲೇ ಉತ್ತರ ಬರುತ್ತದೆ: "ಯುಗಾದಿ ಕಳೆಯಲಿ, ಆಮೇಲೆ ನೋಡುವ."

ಅದಕ್ಕೆ ಕಾರಣವಿದೆ. ಹೊನ್ನಾವರದ ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನೀರು ಚಿರೆಕಲ್ಲಿನ ತೂತುಗಳಲ್ಲಿ ಇಳಿದು ನಿಂತಿರುತ್ತದೆ. ದೀಪಾವಳಿಯ ಹೊತ್ತಿಗೆ ಅಗೆದವರಿಗೆ ಬೇಗನೆ ಒರತೆ ಕಾಣುತ್ತದೆ, ತೆಂಗಿನಕಾಯಿಯನ್ನೂ ಒಡೆಯುತ್ತಾರೆ. ಹೋಳಿ ಕಳೆಯುವಷ್ಟರಲ್ಲಿ ಅದೇ ಮನೆಯಾಕೆ ಕೊಡ ಹಿಡಿದು ಪಕ್ಕದ ಮನೆಗೆ ಹೊರಟಿರುತ್ತಾಳೆ. ಅಲ್ಲದೆ ಚಿರೆಕಲ್ಲಿನ ಕೆಳಗಿನ ಶೇಡಿ ಮಣ್ಣು ನೆನೆದಾಗ ಕುಸಿಯುತ್ತದೆ. ಒಳಗಿಳಿದವನ ಜೀವಕ್ಕೇ ಅಪಾಯ. ವೈಶಾಖದಲ್ಲಿ ನೀರು ಅತಿ ಕೆಳಗಿರುತ್ತದೆ. ಆಗ ಸಿಕ್ಕ ನೀರು ಸಾಮಾನ್ಯವಾಗಿ ವರ್ಷವಿಡೀ ಕೈಬಿಡದು. ಮೃಗಶಿರ ಮಳೆ ಹಿಡಿಯುವ ಮೊದಲು ಸುತ್ತ ಕಲ್ಲು ಕಟ್ಟಿ ಮುಗಿಸಬೇಕು, ಅಷ್ಟೆ. ಕೊಳವೆಬಾವಿಯ ಯಂತ್ರ ಯಾವ ತಿಂಗಳಲ್ಲೂ ಕೊರೆಯಬಲ್ಲದು, ನಿಜ. ಆದರೆ ಮಳೆಗಾಲದ ಬೆನ್ನಿಗೆ ಅಳೆದ ನೀರನ್ನು ನಂಬಿ ಸಂಸಾರ ಹೂಡುವಂತಿಲ್ಲ.

ಕಷ್ಟಕಾಲದಲ್ಲಿ ಒದಗಿದ್ದೇ ನಿಜವಾದದ್ದು ಎಂಬ ನೀತಿಯನ್ನು ಇಲ್ಲಿಂದ ಎತ್ತುವುದು ಸುಲಭ. ನನ್ನನ್ನು ಕಾಡುವುದು ಇನ್ನೊಂದು ಮಾತು. ನೆಲದ ಸತ್ಯ ತಿಳಿಯುವ ಅದೇ ತಿಂಗಳಲ್ಲಿ ನೆರೆಮನೆಯ ಬಾವಿಯೂ ತಳ ಕಂಡಿರುತ್ತದೆ. ನಾನು ಇನ್ನೂ ನಾಲ್ಕಡಿ ಇಳಿಸಿ ಪಂಪು ಕೂರಿಸಿದರೆ ಅವಳ ಒರತೆ ನನ್ನ ಕಡೆ ತಿರುಗಬಹುದು. ನನ್ನ ಜಾಗ, ನನ್ನ ದುಡ್ಡು ಎನ್ನೋಣವೇ? ತನ್ನ ನೆಲದಡಿಯ ನೀರನ್ನು ಕೂಡಿಸಿಕೊಳ್ಳುವ ಹಕ್ಕು ಮಾಲೀಕನದೆಂದು 1882ರ ಈಸ್‌ಮೆಂಟ್ ಕಾಯಿದೆಯೂ ಹೇಳುತ್ತದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ಕರ್ನಾಟಕದ 1999ರ ಕಾಯಿದೆ ಹೇಳಿತು. ಅದು ಊರಬಾವಿಗೆ ರಕ್ಷಣೆಯಾಯಿತು. ಬೇಲಿಯಾಚೆಯ ಹೆಂಗಸಿನ ಬಾವಿಯನ್ನು ಕಾಯಬೇಕಾದವರು ನಾವೇ.

ಕಡಲೂ ಇಲ್ಲಿ ಪಾಲುದಾರ. ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಅದು ಕೆಳಗೆ ಸುಮಾರು 40 ಅಡಿ ಸಿಹಿನೀರನ್ನು ಹಿಡಿದಿಡುತ್ತದೆಂದು ತಿಳಿದವರ ಲೆಕ್ಕ. ಮೇಲಿನದನ್ನು ಮಿತಿಮೀರಿ ಹೀರಿದರೆ ಕೆಳಗಿನ ಉಪ್ಪು ಏರಿಬರುತ್ತದೆ. ಆಮೇಲೆ ನನ್ನ ಬಾವಿಗೂ ಅವಳ ಬಾವಿಗೂ ಒಂದೇ ರುಚಿ.

ಶಾಲೆಯಲ್ಲಿ ಮಕ್ಕಳಿಗೆ ನಾವು ಪರೀಕ್ಷೆ ಇಡುವುದೂ ಈ ಬೇಸಿಗೆಯಲ್ಲೇ. ಬೆಳಿಗ್ಗೆ ನಾಲ್ಕು ಕೊಡ ಹೊತ್ತು ಬಂದ ಹುಡುಗಿಗೂ ಮನೆಯೊಳಗೆ ನಲ್ಲಿಯಿದ್ದವಳಿಗೂ ಒಂದೇ ಪ್ರಶ್ನೆಪತ್ರಿಕೆ. ಆಕೆಯ ಅಂಕ ಸುಳ್ಳೆನ್ನಲಾರೆ, ಆದರೆ ಅದು ಪೂರ್ತಿ ಸತ್ಯವೂ ಅಲ್ಲ. ಕಷ್ಟದ ಕಾಲದಲ್ಲಿ ಪರೀಕ್ಷಿಸುವವರು ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತಿದೆ ಎಂದೂ ನೋಡಬೇಕಾಗುತ್ತದೆ.

ನಾನೊಬ್ಬಳು ತಡೆದುಕೊಂಡರೆ ಉಳಿದವರು ಎಳೆದುಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಎಳೆದುಕೊಳ್ಳಬಹುದು. ಆದ್ದರಿಂದಲೇ ತೋಡುವ ಮೊದಲು ಮಾತಾಡಬೇಕು. ವೈಶಾಖದಲ್ಲೇ ತೋಡಿಸೋಣ. ಅದಕ್ಕೂ ಮುನ್ನ ಅಕ್ಕಪಕ್ಕದ ಬಾವಿಗಳಲ್ಲಿ ಎಷ್ಟು ಮೊಳ ನೀರಿದೆಯೆಂದು ಹಗ್ಗ ಇಳಿಬಿಟ್ಟು ಎಲ್ಲರೆದುರು ಅಳೆಯೋಣ. ಕುಡಿಯಲು, ಅಡಿಗೆಗೆ, ಮೀಯಲು, ದನಕ್ಕೆ ಸಾಕಾಗುವಷ್ಟು ನೀರು ಕಂಡಾಗ ನಿಲ್ಲಿಸೋಣ. ನೆರೆಯವಳ ಬಾವಿ ಬತ್ತಿದರೆ ನಮ್ಮ ರಾಟೆ ಅವಳಿಗೂ ಸೇರಿದ್ದು. ಅದು ದಾನವಲ್ಲ, ಅವಳ ಪಾಲು. ಮಳೆ ಹಿಡಿದ ಮೇಲೆ ಮಾಡಿನ ನೀರನ್ನು ಗಟಾರಕ್ಕೆ ಬಿಡದೆ ಹಿತ್ತಿಲಲ್ಲಿ ಇಂಗಿಸಿದರೆ, ಇಬ್ಬರ ಬಾವಿಗೂ ಕೊಂಚ ಹಿಂದಿರುಗಿಸಿದಂತಾದೀತು.